ಎಸ್‌ವಿಜಿಗೆ ಕನ್ನಡದಲ್ಲೊಂದು ವಿಕಿ ಕಟ್ಟಿದ ನನ್ನ ಅನುಭವ

ಮಂಡ್ಯದ ನೂರಡಿ ರಸ್ತೆ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ತಿಥಿ ಕಾರ್ಡು, ಊರಹಬ್ಬದ ಫ್ಲೆಕ್ಸು. ಮದುವೆ ಸೀಸನ್ ಬಂತೆಂದರೆ ಊಟಕ್ಕೂ ಏಳಲು ಆಗುತ್ತಿರಲಿಲ್ಲ. ಆಮೇಲೆ ಮೈಸೂರಿಗೆ ಬಂದು ವೆಬ್‌ಸೈಟ್ ಮಾಡುವ ಕೆಲಸಕ್ಕೆ ಸೇರಿದೆ. ಅಂಗಡಿಯವರ ಜೊತೆಗಿನ ನಂಟು ಹಾಗೇ ಉಳಿಯಿತು.

2019ರಲ್ಲಿ ಒಂದು ರಾತ್ರಿ ಆ ಅಂಗಡಿಯ ಗೆಳೆಯ ಫೋನ್ ಮಾಡಿದ. "ಕಮಾನು ತಲೆಕೆಳಗಾಗಿ ಬರ್ತಿದೆ. ಎರಡು ದಿನದಿಂದ ಕೂತಿದೀನಿ" ಅಂದ. ವಾಟ್ಸಾಪ್‌ನಲ್ಲಿ ಕಳಿಸಲು ಒಂದು ವೆಬ್ ಲಗ್ನಪತ್ರಿಕೆ ಮಾಡುತ್ತಿದ್ದ. ಚಿತ್ರ ಬಿಡಿಸುವ ತಂತ್ರಾಂಶ ಕೋರೆಲ್‌ಡ್ರಾದಲ್ಲಿ ದೇವಸ್ಥಾನದ ಕಮಾನು ಬಿಡಿಸಿ, ಒಂದೊಂದು ನೋಡ್ (ಗೆರೆಯ ಮೇಲಿನ ಬಿಂದು) ಎಲ್ಲಿದೆ ಅಂತ ಅಂಕಿ ಬರೆದುಕೊಂಡು, ಅದನ್ನೇ ಎಸ್‌ವಿಜಿಯಲ್ಲಿ, ಅಂದರೆ ವೆಬ್‌ಗೆ ಚಿತ್ರವನ್ನು ಪಠ್ಯವಾಗಿ ಬರೆಯುವ ವಿಧಾನದಲ್ಲಿ, ಟೈಪ್ ಮಾಡಿದ್ದ. ಅಂಕಿ ಎಲ್ಲವೂ ಸರಿಯಾಗಿದ್ದವು. ಕೋರೆಲ್‌ಡ್ರಾದಲ್ಲಿ ಸೊನ್ನೆ ಇರುವುದು ಪುಟದ ಕೆಳಗಿನ ಎಡ ಮೂಲೆಯಲ್ಲಿ, ಅಂಕಿ ಜಾಸ್ತಿ ಆದಂತೆ ಮೇಲಕ್ಕೆ ಹೋಗುತ್ತೇವೆ. ಎಸ್‌ವಿಜಿಯಲ್ಲಿ ಸೊನ್ನೆ ಮೇಲಿನ ಎಡ ಮೂಲೆಯಲ್ಲಿ, ಅಂಕಿ ಜಾಸ್ತಿ ಆದಂತೆ ಕೆಳಕ್ಕೆ ಇಳಿಯುತ್ತೇವೆ. ಪುಟದ ಎತ್ತರದಿಂದ ಆ ಅಂಕಿಯನ್ನು ಕಳೆದರೆ ಮುಗಿಯಿತು. ಹತ್ತು ನಿಮಿಷದಲ್ಲಿ ಅವನ ಕಮಾನು ಎದ್ದು ನಿಂತಿತು. ಫೋನ್ ಇಡುವ ಮೊದಲು ಅವನು ಹೇಳಿದ: "ಇದನ್ನ ಎಲ್ಲಾದ್ರೂ ಕನ್ನಡದಲ್ಲಿ ಬರೆದಿಟ್ಟಿದ್ರೆ ನನ್ನ ಎರಡು ದಿನ ಉಳೀತಿತ್ತು ಅಲ್ವಾ?"

ಆ ಮಾತು ನನ್ನನ್ನು ಬಿಡಲಿಲ್ಲ. ಯಾಕೆಂದರೆ ಗೆರೆ, ತಿರುವು, ನೋಡ್ ಇವೆಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಮೈಸೂರಿನ ಅಂಗಡಿಗಳಲ್ಲಿ ದಿನಕ್ಕೆ ಎಂಟು ಹತ್ತು ಗಂಟೆ ಬೆಜಿಯೆ ಕರ್ವ್ ಅನ್ನುವ ಬಾಗುಗೆರೆ ಎಳೆಯುವ ಜನ ಎಷ್ಟು ಮಂದಿ ಇದ್ದಾರೆ! ಆ ಕರ್ವ್‌ಗೆ ಹೆಸರು ಬಂದದ್ದು ರೆನೋ ಕಾರು ಕಂಪನಿಯ ಇಂಜಿನಿಯರ್ ಪಿಯರ್ ಬೆಜಿಯೆ ಅವರಿಂದ ಅನ್ನುವುದು ಗೊತ್ತಿಲ್ಲದಿರಬಹುದು, ಆದರೆ ಅದನ್ನು ಎಲ್ಲಿ ಎಳೆದರೆ ಎಲ್ಲಿ ಬಾಗುತ್ತದೆ ಅನ್ನುವುದು ಅವರ ಬೆರಳಿಗೆ ಗೊತ್ತು. ಅವರ ಮತ್ತು ವೆಬ್ ನಡುವೆ ಅಡ್ಡ ನಿಂತಿದ್ದದ್ದು ಇಂಗ್ಲಿಷ್ ಕೈಪಿಡಿಗಳು, ಅಷ್ಟೇ.

ಗೊತ್ತಿಲ್ಲದವರಿಗೆ ಒಂದು ಮಾತು. ಎಸ್‌ವಿಜಿ ಅಂದರೆ ಸ್ಕೇಲೆಬಲ್ ವೆಕ್ಟರ್ ಗ್ರಾಫಿಕ್ಸ್. ಚಿತ್ರವನ್ನು ಚುಕ್ಕಿಗಳಾಗಿ ಇಡದೆ, ಇಲ್ಲಿಂದ ಅಲ್ಲಿಗೆ ಗೆರೆ, ಇಲ್ಲೊಂದು ವೃತ್ತ, ಈ ಬಣ್ಣ ಅಂತ ಪಠ್ಯವಾಗಿ ಬರೆದಿಡುವ ವಿಧಾನ. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ವೆಬ್‌ನ ನಿಯಮಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ ಇದರ ಕೆಲಸ ಶುರು ಮಾಡಿದ್ದು 1998ರಲ್ಲಿ. ಮೊದಲ ಆವೃತ್ತಿ 2001ರ ಸೆಪ್ಟೆಂಬರ್‌ನಲ್ಲಿ ಬಂತು, 1.1 ಆವೃತ್ತಿ 2003ರ ಜನವರಿಯಲ್ಲಿ. ಆದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇದನ್ನು ತಾನಾಗಿ ತೋರಿಸಲು 2011ರಲ್ಲಿ ಒಂಬತ್ತನೇ ಆವೃತ್ತಿ ಬರುವ ತನಕ ಕಾಯಬೇಕಾಯಿತು. ಹಾಗಾಗಿ ಹತ್ತು ವರ್ಷ ನಮ್ಮ ಅಂಗಡಿಗಳ ಕಡೆಗೆ ಇದರ ಸುದ್ದಿಯೇ ಸುಳಿಯಲಿಲ್ಲ. ಈಗ ಎಲ್ಲ ಫೋನಿನಲ್ಲೂ ಓಡುತ್ತದೆ.

ಎಸ್‌ವಿಜಿಗೆ ಕನ್ನಡದಲ್ಲಿ ಒಂದು ವಿಕಿ, ಅಂದರೆ ಓದುವವರೇ ತಿದ್ದಬಹುದಾದ ಜಾಲತಾಣ, ಕಟ್ಟಲು ಹೊರಟೆ. ಶುರುವಿನಲ್ಲಿ ನಾನು ಹಿಡಿದ ದಾರಿ ಸರಿ ಇರಲಿಲ್ಲ. ಡಬ್ಲ್ಯೂ3ಸಿಯ ಎಸ್‌ವಿಜಿ ನಿಯಮಪುಸ್ತಕವನ್ನು ಎದುರಿಗಿಟ್ಟುಕೊಂಡು, ಅದರ ಅಧ್ಯಾಯಗಳ ಕ್ರಮದಲ್ಲೇ ಪುಟಗಳನ್ನು ಬರೆಯಲು ಕೂತೆ. ಆಫೀಸ್ ಮುಗಿಸಿ ಬಂದು ರಾತ್ರಿ ಹನ್ನೊಂದರವರೆಗೆ ಬರೆಯುತ್ತಿದ್ದೆ. ಮೂರು ತಿಂಗಳಲ್ಲಿ ಹನ್ನೆರಡು ಪುಟ ಆಯಿತು. ಗೆಳೆಯನಿಗೆ ತೋರಿಸಿದೆ. ಓದಿದ. "ಚೆನ್ನಾಗಿದೆ, ಆದ್ರೆ ಇದರಲ್ಲಿ ನನ್ನ ಕಮಾನು ಎಲ್ಲಿದೆ?" ಅಂದ. ನಿಜವಾಗಿ ಇರಲಿಲ್ಲ. ನಿರ್ದೇಶಾಂಕ ವ್ಯವಸ್ಥೆ ಅನ್ನುವ ಪುಟದ ಮಧ್ಯದಲ್ಲಿ ಎಲ್ಲೋ ಒಂದು ಸಾಲು ಇತ್ತು. ಕಮಾನು ತಲೆಕೆಳಗಾದವನು ಆ ಹೆಸರಿನ ಪುಟವನ್ನು ಯಾಕೆ ಹುಡುಕುತ್ತಾನೆ?

ಆ ಹನ್ನೆರಡು ಪುಟಗಳನ್ನು ಪಕ್ಕಕ್ಕಿಟ್ಟೆ. ಒಂದು ನೋಟ್‌ಬುಕ್ ತೆಗೆದುಕೊಂಡು ಶನಿವಾರ ರೈಲು ಹತ್ತಿ ಮಂಡ್ಯಕ್ಕೆ ಹೋದೆ. ನಲವತ್ತೈದು ಕಿಲೋಮೀಟರ್, ಒಂದು ಗಂಟೆಯ ಹಾದಿ. ನಾಲ್ಕು ಅಂಗಡಿಗಳಲ್ಲಿ ಸುಮ್ನೆ ಕೂತು, ವೆಬ್‌ಗೆ ಚಿತ್ರ ಕಳಿಸುವಾಗ ಏನೇನು ಕೆಡುತ್ತದೆ ಅಂತ ಕೇಳಿ ಬರೆದುಕೊಂಡೆ. ಅವರ ಮಾತಿನಲ್ಲೇ ಬರೆದುಕೊಂಡೆ. "ಬಿಹೈಂಡ್ ಫಿಲ್ ಎಲ್ಲಿದೆ?" "ಅಕ್ಷರದ ತೂತು ಮುಚ್ಚಿಹೋಗ್ತದೆ." "ನಮ್ಮ ಸಿಸ್ಟಮ್‌ನಲ್ಲಿ ಚೆನ್ನಾಗಿತ್ತು, ಗಿರಾಕಿ ಫೋನಲ್ಲಿ ಬೇರೆ ಫಾಂಟ್." "ಹಳೇ ಫೈಲ್ ತೆಗೆದ್ರೆ ಸೈಜ್ ಬದಲಾಗಿದೆ." ಈ ವಾಕ್ಯಗಳೇ ನಮ್ಮ ವಿಕಿಯ ಪುಟಗಳ ಹೆಸರಾದವು. ಇವತ್ತಿಗೂ ಹಾಗೇ ಇವೆ. ಯಾರಾದರೂ ಯಾವುದೇ ತಂತ್ರಜ್ಞಾನಕ್ಕೆ ವಿಕಿ ಕಟ್ಟಲು ಹೊರಟರೆ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಹತ್ತಿರ ನೋಟ್‌ಬುಕ್ ಇದೆಯಾ?

ತಂತ್ರಾಂಶ ಆರಿಸುವುದರಲ್ಲಿ ಜಾಸ್ತಿ ಯೋಚಿಸಲಿಲ್ಲ. ಪ್ರೋಗ್ರಾಮರ್‌ಗಳು ಕೋಡ್ ಇಡುವ ಗಿಟ್‌ನಲ್ಲಿ ಇಡೋಣ ಅಂತ ಆಫೀಸಿನ ಹುಡುಗರು ಹೇಳಿದರು. ಆದರೆ ಕಾರ್ಡ್ ಡಿಸೈನ್ ಮಾಡುವವರಿಗೆ ಒಂದು ಅಕ್ಷರ ತಿದ್ದಲು ಕಮಿಟ್, ಪುಲ್ ರಿಕ್ವೆಸ್ಟ್ ಅಂತ ಹೇಳಿದರೆ ಅವರು ಆ ಕಡೆ ತಲೆ ಹಾಕುವುದಿಲ್ಲ. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಮೊದಲ ವಿಕಿ ಮಾಡಿದಾಗ ಅದಕ್ಕೆ ಹವಾಯಿ ಭಾಷೆಯಲ್ಲಿ 'ಬೇಗ ಬೇಗ' ಅನ್ನುವ ಅರ್ಥದ ಹೆಸರಿಟ್ಟರು. ಓದುತ್ತಿರುವಾಗಲೇ ತಪ್ಪು ಕಂಡರೆ ಅಲ್ಲೇ ತಿದ್ದಬೇಕು, ಅದು ಮುಖ್ಯ. ಹಾಗಾಗಿ ಮೀಡಿಯಾವಿಕಿ ಅನ್ನುವ ವಿಕಿ ತಂತ್ರಾಂಶ ಹಾಕಿದೆ. ಕನ್ನಡ ವಿಕಿಪೀಡಿಯ 2003ರಿಂದ ಇದರ ಮೇಲೇ ಓಡುತ್ತಿದೆ. ಟ್ರಾನ್ಸ್‌ಲೇಟ್‌ವಿಕಿ ಅನ್ನುವ ಅನುವಾದ ತಾಣದಲ್ಲಿ ಸ್ವಯಂಸೇವಕರು ವರ್ಷಗಟ್ಟಲೆ ಕೂತು ಅನುವಾದ ಮಾಡಿದ್ದರಿಂದ, ಭಾಷೆಯನ್ನು ಕನ್ನಡ ಅಂತ ಆರಿಸಿದ ತಕ್ಷಣ ಸಂಪಾದಿಸಿ, ಇತಿಹಾಸ, ಚರ್ಚೆ ಎಲ್ಲ ಕನ್ನಡದಲ್ಲೇ ಬಂದವು. ಕನ್ನಡ ಟೈಪ್ ಮಾಡುವ ಸೌಲಭ್ಯವೂ ಒಂದು ವಿಸ್ತರಣೆಯಾಗಿ ಸಿಗುತ್ತದೆ. ಅಂಗಡಿಯವರು ಬೇರೇನೂ ಇನ್‌ಸ್ಟಾಲ್ ಮಾಡಬೇಕಾಗಲಿಲ್ಲ. ಆ ಅನುವಾದ ಮಾಡಿದ ಜನರಿಗೆ ನಾನು ದೊಡ್ಡ ಋಣಿ.

ಲೈಸೆನ್ಸ್ ವಿಷಯವನ್ನು ಮೊದಲ ದಿನವೇ ತೀರ್ಮಾನಿಸಿದೆ. ವೆಬ್ ತಂತ್ರಜ್ಞಾನ ವಿವರಿಸುವ ಮೊಜಿಲ್ಲಾದ ಎಂಡಿಎನ್ ತಾಣದ ಲೇಖನಗಳು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 2.5 ಅನ್ನುವ ಲೈಸೆನ್ಸ್ ಅಡಿಯಲ್ಲಿವೆ. ಅಲ್ಲಿಂದ ಏನಾದರೂ ತಂದರೆ ಹೆಸರು ಹೇಳಬೇಕು, ನಮ್ಮದನ್ನೂ ಅದೇ ಬಗೆಯಲ್ಲಿ ಬಿಟ್ಟುಕೊಡಬೇಕು. ನಾವು ಇಡೀ ವಿಕಿಗೆ ಬಿವೈ-ಎಸ್‌ಎ ಇಟ್ಟೆವು. ಇದನ್ನು ಆಮೇಲೆ ಮಾಡೋಣ ಅಂತ ಬಿಟ್ಟರೆ, ಬರೆದ ಪ್ರತಿಯೊಬ್ಬರನ್ನೂ ಹುಡುಕಿ ಒಪ್ಪಿಗೆ ಕೇಳಬೇಕಾಗುತ್ತದೆ.

ಮೊದಲ ಚಿತ್ರ ಏರಿಸಿದ ದಿನದ ಕಥೆ ಹೇಳಬೇಕು. ಮೀಡಿಯಾವಿಕಿ ಎಸ್‌ವಿಜಿ ಫೈಲನ್ನು ತಾನಾಗಿ ತೆಗೆದುಕೊಳ್ಳುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಕೊಡಬೇಕು. ಎಸ್‌ವಿಜಿ ಒಳಗೆ ಸ್ಕ್ರಿಪ್ಟ್, ಅಂದರೆ ಬ್ರೌಸರ್‌ನಲ್ಲಿ ಓಡುವ ಕೋಡು, ಬಚ್ಚಿಡಬಹುದು, ಅದಕ್ಕೇ ಈ ಎಚ್ಚರ. ಸ್ಕ್ರಿಪ್ಟ್ ಇರುವ ಫೈಲು ಬಂದರೆ ಅನುಮತಿ ಕೊಟ್ಟ ಮೇಲೂ ತಿರಸ್ಕರಿಸುತ್ತದೆ. ಅನುಮತಿ ಕೊಟ್ಟೆ. ಮಂಡ್ಯದಿಂದ ಮೈಸೂರಿನ ತನಕದ ಒಂದು ಪುಟ್ಟ ರೈಲು ನಕ್ಷೆ ಬಿಡಿಸಿದ್ದೆ, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ, ಮೈಸೂರು ಅಂತ ನಾಲ್ಕು ಹೆಸರು. ನನ್ನ ಬ್ರೌಸರ್‌ನಲ್ಲಿ ಚೆನ್ನಾಗಿ ಕಂಡಿತ್ತು. ವಿಕಿ ಪುಟಕ್ಕೆ ಹಾಕಿದರೆ ಹೆಸರುಗಳ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು.

ಫೈಲ್ ಕೆಟ್ಟಿದೆ ಅಂದುಕೊಂಡು ಮೂರು ಸಲ ಮತ್ತೆ ಏರಿಸಿದೆ. ಚೌಕ ಹೋಗಲಿಲ್ಲ. ಆಮೇಲೆ ಅರ್ಥವಾಯಿತು. ಪುಟದಲ್ಲಿ ಕಾಣುತ್ತಿದ್ದದ್ದು ನನ್ನ ಎಸ್‌ವಿಜಿ ಅಲ್ಲವೇ ಅಲ್ಲ. ಸರ್ವರ್ ಆ ಫೈಲನ್ನು ಓದಿ, ಒಂದು ಪಿಎನ್‌ಜಿ, ಅಂದರೆ ಚುಕ್ಕಿಗಳ ಚಿತ್ರವಾಗಿ ಮಾಡಿ ತೋರಿಸುತ್ತಿತ್ತು. ಆ ಕೆಲಸಕ್ಕೆ ಲಿಬ್‌ಆರ್‌ಎಸ್‌ವಿಜಿ ಅನ್ನುವ ಸಾಧನ ಹಾಕಿದ್ದೆ, ವಿಕಿಪೀಡಿಯ ಬಳಸುವುದೂ ಅದನ್ನೇ. ಅದಕ್ಕೆ ಸರ್ವರ್ ಮೇಲಿರುವ ಫಾಂಟ್ ಮಾತ್ರ ಕಾಣುತ್ತದೆ. ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿರುವ ಆ ಸರ್ವರ್ ಮೇಲೆ ಒಂದೇ ಒಂದು ಕನ್ನಡ ಫಾಂಟ್ ಇರಲಿಲ್ಲ. ಡೆಬಿಯನ್ ಅನ್ನುವ ಲಿನಕ್ಸ್‌ನಲ್ಲಿ ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟ್ ಪ್ಯಾಕೇಜ್ ಸಿದ್ಧವಾಗಿಯೇ ಇವೆ. ಅವನ್ನು ಹಾಕಿದೆ, ನೋಟೋ ಸಾನ್ಸ್ ಕನ್ನಡವನ್ನೂ ಹಾಕಿದೆ. ಆದರೂ ಚೌಕ! ಹಳೆಯ ಪಿಎನ್‌ಜಿ ಅಲ್ಲೇ ಉಳಿದಿತ್ತು. ಅದನ್ನು ಪರ್ಜ್ ಮಾಡಿದ ಮೇಲೆ, ಅಂದರೆ ಅಳಿಸಿ ಹೊಸದು ಮಾಡಿಸಿದ ಮೇಲೆ, ಪುಟ ಮತ್ತೆ ತೆರೆದೆ. ಮಂಡ್ಯ ಅನ್ನುವ ಹೆಸರು, ಡ ಕೆಳಗೆ ಯ ಒತ್ತು ಸಮೇತ, ಸರಿಯಾಗಿ ಬಂದಿತ್ತು. ಆ ಹೊತ್ತಿನ ಸಂತೋಷ ನನಗೆ ಇನ್ನೂ ನೆನಪಿದೆ.

ಪುಟದಲ್ಲೇ ಉದಾಹರಣೆ ಓಡಬೇಕು ಅನ್ನುವುದು ನನ್ನ ಹಟವಾಗಿತ್ತು. ಓದುವವರು ಒಂದು ಅಂಕಿ ಬದಲಾಯಿಸಬೇಕು, ಪಕ್ಕದಲ್ಲೇ ಗೆರೆ ಅಲ್ಲಾಡಬೇಕು. ಆದರೆ ಯಾರು ಬೇಕಾದರೂ ಬರೆಯುವ ಜಾಗದಲ್ಲಿ ವೆಬ್ ಪುಟದ ಕೋಡಾದ ಹಸಿ ಎಚ್‌ಟಿಎಂಎಲ್‌ಗೆ ಬಾಗಿಲು ತೆರೆದರೆ ಕಳ್ಳನಿಗೆ ಬೀಗದ ಕೈ ಕೊಟ್ಟ ಹಾಗೆ. ಕೊನೆಗೆ ಒಂದು ಸರಳ ಉಪಾಯ ಸಿಕ್ಕಿತು. ಪುಟದಲ್ಲಿ ಚಿತ್ರ ಕೂರಿಸುವ ಇಮೇಜ್ ಟ್ಯಾಗ್ ಮೂಲಕ ತೋರಿಸಿದ ಎಸ್‌ವಿಜಿಯಲ್ಲಿ ಬ್ರೌಸರ್ ಯಾವ ಸ್ಕ್ರಿಪ್ಟನ್ನೂ ಓಡಿಸುವುದಿಲ್ಲ. ಪುಟದಲ್ಲಿರುವ ಕೋಡನ್ನು ತೆಗೆದು, ಡೇಟಾ ಯುಆರ್‌ಐ (ಫೈಲನ್ನೇ ಒಳಗಿಟ್ಟುಕೊಂಡ ವಿಳಾಸ) ಮಾಡಿ, ಇಮೇಜ್ ಟ್ಯಾಗ್‌ಗೆ ಕೊಡುವ ಒಂದು ಸಣ್ಣ ಗ್ಯಾಜೆಟ್ (ವಿಕಿಗೆ ಸೇರಿಸುವ ಕೋಡು) ಬರೆದೆ. ಹಾಗೆ ತೋರಿಸಿದ ಎಸ್‌ವಿಜಿ ಹೊರಗಿನ ಫಾಂಟನ್ನೂ ತರಿಸಿಕೊಳ್ಳುವುದಿಲ್ಲ. "ಗಿರಾಕಿ ಫೋನಲ್ಲಿ ಬೇರೆ ಫಾಂಟ್" ಅನ್ನುವ ಪ್ರಶ್ನೆಗೆ ಎರಡು ಉತ್ತರ ನಮಗೆ ಅಲ್ಲೇ ಸಿಕ್ಕವು: ಫಾಂಟನ್ನು ಫೈಲಿನೊಳಗೇ ಇಡಬೇಕು, ಇಲ್ಲವೇ ಎಸ್‌ವಿಜಿಯನ್ನು ಪುಟದೊಳಗೇ ನೇರವಾಗಿ ಬರೆಯಬೇಕು.

ಅಂಗಡಿಯವರಿಗೆ ಮೂರನೇ ಉತ್ತರ ಮೊದಲೇ ಗೊತ್ತಿತ್ತು. ಕಂಟ್ರೋಲ್ ಕ್ಯೂ ಒತ್ತಿ ಅಕ್ಷರವನ್ನು ಕರ್ವ್ ಮಾಡಿಬಿಡುವುದು. ಮುದ್ರಣಕ್ಕೆ ಅದು ಸರಿ. ವೆಬ್‌ನಲ್ಲಿ ಹಾಗೆ ಮಾಡಿದರೆ ಅದು ಅಕ್ಷರವಾಗಿ ಉಳಿಯುವುದಿಲ್ಲ. ಹುಡುಕಿದರೆ ಸಿಗುವುದಿಲ್ಲ, ಕಾಪಿ ಆಗುವುದಿಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಅಲ್ಲಿ ಏನೂ ಇಲ್ಲ. ಕರ್ವ್ ಮಾಡಲೇಬೇಕಾದರೆ ಟೈಟಲ್ ಅಂಶದಲ್ಲಿ (ಕೋಡಿನಲ್ಲಿ ಚಿತ್ರದ ಹೆಸರು ಬರೆಯುವ ಜಾಗ) ಆ ಮಾತನ್ನು ಬರೆಯಿರಿ ಅಂತ ಪುಟದ ಮೇಲ್ಭಾಗದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದೇವೆ. ಇದರಲ್ಲಿ ಮಾತ್ರ ನಾನು ರಾಜಿ ಮಾಡಿಕೊಂಡಿಲ್ಲ. ಮದುವೆಗೆ ಕರೆಯುವ ಪತ್ರ ಎಲ್ಲರಿಗೂ ಕೇಳಿಸಬೇಕು.

ಈ ವಿಕಿಯಲ್ಲಿ ನನಗೆ ತುಂಬಾ ಇಷ್ಟದ ಪುಟಗಳು ಕೋರೆಲ್‌ಡ್ರಾ ಬಳಸುವವರು ಬರೆದವು. ಬಿಹೈಂಡ್ ಫಿಲ್ ವಿಷಯವನ್ನೇ ತೆಗೆದುಕೊಳ್ಳಿ. ಲಗ್ನಪತ್ರಿಕೆಯಲ್ಲಿ ವಧು ವರರ ಹೆಸರಿಗೆ ಬಿಳಿ ಔಟ್‌ಲೈನ್ ಕೊಟ್ಟಾಗ ಆ ಗೆರೆ ಅರ್ಧ ಹೊರಗೆ, ಅರ್ಧ ಅಕ್ಷರದ ಒಳಗೆ ಬರುತ್ತದೆ. ಅಕ್ಷರ ಸೊರಗಿ ಹೋಗುತ್ತದೆ. ಕನ್ನಡದ ಒತ್ತಕ್ಷರ ಸಣ್ಣದಾಗಿರುವುದರಿಂದ ಮೊದಲು ಹಾಳಾಗುವುದು ಅದೇ. ಕೋರೆಲ್‌ಡ್ರಾದಲ್ಲಿ ಬಿಹೈಂಡ್ ಫಿಲ್ ಅಂತ ಒಂದು ಟಿಕ್ ಹಾಕಿದರೆ ಗೆರೆ ಅಕ್ಷರದ ಹಿಂದೆ ಹೋಗುತ್ತದೆ. ಎಸ್‌ವಿಜಿಯಲ್ಲಿ ಇದಕ್ಕೆ ಪೇಂಟ್-ಆರ್ಡರ್ ಅನ್ನುವ ಗುಣ ಇದೆ, ಮೊದಲು ಸ್ಟ್ರೋಕ್ (ಅಂಚಿನ ಗೆರೆ) ಎಳೆ ಅಂತ ಹೇಳಿದರೆ ಸಾಕು. ಇದು ಎಸ್‌ವಿಜಿ 2ರಲ್ಲಿ ಬಂದದ್ದು, ಈಗಿನ ಎಲ್ಲ ಬ್ರೌಸರ್‌ನಲ್ಲೂ ನಡೆಯುತ್ತದೆ. ಮದ್ದೂರಿನ ಒಬ್ಬ ಅಕ್ಕ ಈ ಪುಟ ಬರೆದರು. ಇಪ್ಪತ್ತು ವರ್ಷದಿಂದ ಕಾರ್ಡ್ ಕೆಲಸ ಮಾಡುವವರು. ಅವರು ಸೇರಿಸಿದ ಒಂದು ಸಾಲು ಯಾವ ಕೈಪಿಡಿಯಲ್ಲೂ ನಾನು ನೋಡಿರಲಿಲ್ಲ: "ಹಿಂದೆ ಹೋದ ಗೆರೆಯ ಅರ್ಧ ಕಾಣಲ್ಲ, ಅದಕ್ಕೆ 2 ಬೇಕಿದ್ರೆ 4 ಕೊಡಿ."

ತೂತು ಮುಚ್ಚುವ ಸಮಸ್ಯೆಯೂ ಹೀಗೇ. ನಮ್ಮ ಅಕ್ಷರಗಳಲ್ಲಿ ಎಷ್ಟು ತೂತು ನೋಡಿ. ಅ, ಠ, ಥ, ಧ. ಕೋರೆಲ್‌ಡ್ರಾದಲ್ಲಿ ಎರಡು ಆಕಾರ ಆರಿಸಿ ಕಂಬೈನ್ ಮಾಡಿದರೆ ಒಂದರ ಮೇಲೊಂದು ಬಿದ್ದ ಜಾಗ ತೂತಾಗುತ್ತದೆ. ಎಸ್‌ವಿಜಿಯಲ್ಲಿ ಬರೆಯುವಾಗ ಏನೂ ಹೇಳದಿದ್ದರೆ, ಗೆರೆ ಸುತ್ತುವ ದಿಕ್ಕು ನೋಡಿ ಬಣ್ಣ ತುಂಬುವ ನಾನ್‌ಝೀರೋ ನಿಯಮ ನಡೆಯುತ್ತದೆ. ಹೊರಗಿನ ಗೆರೆ ಬಲಕ್ಕೆ ಸುತ್ತಿ, ಒಳಗಿನ ಗೆರೆಯೂ ಬಲಕ್ಕೇ ಸುತ್ತಿದರೆ ತೂತು ತುಂಬಿಹೋಗುತ್ತದೆ. ಒಳಗಿನದನ್ನು ಎಡಕ್ಕೆ ಸುತ್ತಬೇಕು, ಇಲ್ಲವೇ ಫಿಲ್-ರೂಲ್ ಅನ್ನು, ದಿಕ್ಕು ನೋಡದೆ ತೂತು ಬಿಡುವ ಈವನ್‌ಆಡ್ ಮಾಡಬೇಕು. ಈ ಪುಟದಲ್ಲಿ ಒಂದು ದೊಡ್ಡ ಠ ಇದೆ. ಬಟನ್ ಒತ್ತಿದಾಗಲೆಲ್ಲ ಅದರ ಹೊಟ್ಟೆ ತುಂಬುತ್ತದೆ, ಖಾಲಿಯಾಗುತ್ತದೆ. ಬೇರೆ ವಿವರಣೆ ಬೇಕಾಗಲಿಲ್ಲ.

ಹಳೆಯ ಫೈಲಿನ ಸೈಜ್ ಬದಲಾಗುವುದಕ್ಕೆ ಉತ್ತರ ಚಿಕ್ಕದು. ಎಸ್‌ವಿಜಿ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನ 0.92 ಆವೃತ್ತಿಗೆ ಮೊದಲು ಇಂಚಿಗೆ 90 ಪಿಕ್ಸೆಲ್ ಲೆಕ್ಕ ಇತ್ತು, ಆಮೇಲೆ 96 ಆಯಿತು. ಪುಟ ಹತ್ತು ಸಾಲಿನದು, ಅಷ್ಟು ಸಾಕು.

ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ನಮ್ಮ ಜೊತೆ ಸೇರಿದ್ದು 2020ರಲ್ಲಿ. ಸರಸ್ವತಿಪುರಂನಲ್ಲಿ ಅವರ ಮನೆ. ಎಸ್‌ವಿಜಿಯಲ್ಲಿ ಗೆರೆ ಬರೆಯುವುದು ಪಾತ್‌ನಿಂದ, ಅದರಲ್ಲಿ ಬಾಗುಗೆರೆ ಎಳೆಯುವ ಸಿ ಕಮಾಂಡ್ ವಿವರಿಸಿ ಸರ್ ಅಂತ ಕೇಳಿದ್ದೆ. ಅದಕ್ಕೆ ಎರಡು ಕಂಟ್ರೋಲ್ ಪಾಯಿಂಟ್, ಒಂದು ಕೊನೆಯ ಬಿಂದು, ಒಟ್ಟು ಆರು ಅಂಕಿ. ನಾನು ಗಣಿತ ಹೇಳಲು ಹೋದೆ. ಅವರು ತಡೆದರು. ಒಂದು ಹಾಳೆ ತೆಗೆದು ರೇಷ್ಮೆ ಸೀರೆಯ ಸೆರಗಿನ ಮಾವಿನಕಾಯಿ ಬಿಡಿಸಿದರು. ಪೆನ್ಸಿಲನ್ನು ಹಾಳೆಯ ಮೇಲಿಟ್ಟು, ಎಳೆಯದೆ ನಿಲ್ಲಿಸಿ ಹೇಳಿದರು: "ಗೆರೆ ಹೊರಡುವಾಗ ಯಾವ ಕಡೆ ನೋಡ್ತಾ ಹೊರಡುತ್ತೆ, ಅದು ಮೊದಲನೇ ಹಿಡಿಕೆ. ತಲುಪುವಾಗ ಯಾವ ಕಡೆಯಿಂದ ಬಂತು, ಅದು ಎರಡನೇ ಹಿಡಿಕೆ. ಹಿಡಿಕೆ ಉದ್ದ ಆದಷ್ಟೂ ಗೆರೆ ಅದರ ಮಾತು ಜಾಸ್ತಿ ಕೇಳುತ್ತೆ." ಆಮೇಲೆ ಶುರುವಿನ ಬಿಂದುವಿಗೆ ಒಂದು ಎಂ, ಎರಡು ಸಿ, ಗೆರೆ ಮುಚ್ಚಲು ಒಂದು ಝಡ್, ಇಷ್ಟರಲ್ಲಿ ಮಾವಿನಕಾಯಿ ಮುಗಿಯಿತು. ಆ ಹಾಳೆಯ ಫೋಟೋ, ಅದರ ಪಕ್ಕದಲ್ಲಿ ಅದೇ ಅಂಕಿಗಳ ಎಸ್‌ವಿಜಿ. ನಮ್ಮ ವಿಕಿಯಲ್ಲಿ ಜಾಸ್ತಿ ಓದಿಸಿಕೊಳ್ಳುವ ಪುಟ ಅದು.

ಅವರೇ ಬರೆದ ಮೊದಲ ಲೇಖನ ಮಾತ್ರ ಪುಟಕ್ಕೆ ಬಂದಾಗ ಓದಲು ಆಗಲಿಲ್ಲ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ್ದರು. ಆ ಕಾಲದ ಪಠ್ಯ ಯುನಿಕೋಡ್ (ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದು. ಆ ಫಾಂಟ್ ಇಲ್ಲದ ಕಡೆ ಬರೀ ಗೊಂದಲ. ಪರಿವರ್ತಕಗಳು ಸಿಗುತ್ತವೆ, ಒಂದರಲ್ಲಿ ಹಾಕಿ ತೆಗೆದೆ. ಆದರೂ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಬೇಕು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡ ಕ್ರಮದಲ್ಲಿ, ಅಕ್ಷರದ ನಂತರ ಇರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರ ಮೊದಲು ಬರುತ್ತದೆ. ಅದಲುಬದಲಾಗುವುದು ಅಲ್ಲೇ. ಈಗ ಯಾರು ನುಡಿ ಫೈಲ್ ಕಳಿಸಿದರೂ ನಾವು ಬೇಡ ಅನ್ನುವುದಿಲ್ಲ. ಪರಿವರ್ತನೆ ಮಾಡಿ, ಓದಿ, ಅವರ ಹೆಸರಿನಲ್ಲೇ ಹಾಕುತ್ತೇವೆ. ಫಾಂಟ್ ಹಳೆಯದು ಅಂತ ಅನುಭವವನ್ನು ಬಾಗಿಲಾಚೆ ನಿಲ್ಲಿಸಬಾರದು.

ಪದಗಳ ಜಗಳ ಎಲ್ಲ ಕನ್ನಡ ಯೋಜನೆಗಳಲ್ಲೂ ಇದ್ದದ್ದೇ. ಪಾತ್‌ಗೆ ಪಥ ಅನ್ನೋಣವೇ, ಹಾದಿ ಅನ್ನೋಣವೇ? ಸ್ಟ್ರೋಕ್‌ಗೆ ಅಂಚುಗೆರೆ ಅನ್ನೋಣವೇ? ಎರಡು ವಾರ ಚರ್ಚೆ ಪುಟ ಬಿಸಿಯಾಗಿತ್ತು. ಕೋಡಿನಲ್ಲಿ ಟೈಪ್ ಮಾಡಬೇಕಾದ ಹೆಸರನ್ನು ಮುಟ್ಟುವುದು ಬೇಡ, ವಿವರಣೆಯಲ್ಲಿ ಅಂಗಡಿಯಲ್ಲಿ ಆಡುವ ಪದವೇ ಇರಲಿ ಅಂತ ನಾನು ಗಟ್ಟಿಯಾಗಿ ಹೇಳಿದೆ. ಮೇಷ್ಟ್ರ 'ಹಿಡಿಕೆ' ತಾನಾಗಿ ನಿಂತಿತು, ಯಾರೂ ಮತ ಹಾಕಲಿಲ್ಲ. ಉಳಿದ ಜಗಳವನ್ನು ನಿಲ್ಲಿಸಿದ್ದು ಮೀಡಿಯಾವಿಕಿಯ ಪುನರ್ನಿರ್ದೇಶನ. ಔಟ್‌ಲೈನ್, ಅಂಚುಗೆರೆ, ಸ್ಟ್ರೋಕ್, ಬಾರ್ಡರ್ ಯಾವುದನ್ನು ಹುಡುಕಿದರೂ ಒಂದೇ ಪುಟಕ್ಕೆ ಹೋಗುತ್ತದೆ. ಎಲ್ಲರ ಪದಕ್ಕೂ ಜಾಗ ಆಯಿತು.

ಇದೇ ಹೊತ್ತಿನಲ್ಲಿ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು. ಎಸ್‌ವಿಜಿ ಅಂತ ಬರೆಯುವಾಗ ಸ್ ಮತ್ತು ವಿ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇದೆ, ಝೀರೋ ವಿಡ್ತ್ ನಾನ್ ಜಾಯ್ನರ್. ಅದು ಇಲ್ಲದಿದ್ದರೆ ಎಸ್ವಿಜಿ ಅಂತ ಒತ್ತಕ್ಷರ ಆಗುತ್ತದೆ. ಫೋನಿನಲ್ಲಿ ಟೈಪ್ ಮಾಡುವ ಎಷ್ಟೋ ಜನ ಆ ಗುರುತು ಹಾಕುವುದಿಲ್ಲ. ಹಾಗಾಗಿ ಅವರು ಹುಡುಕಿದರೆ ಪುಟ ಇದ್ದೂ ಸಿಗುತ್ತಿರಲಿಲ್ಲ. ಈಗ ಅಂಥ ಪ್ರತಿ ಹೆಸರಿಗೂ ಎರಡು ರೂಪ ಕೊಟ್ಟಿದ್ದೇವೆ. ಕನ್ನಡದಲ್ಲಿ ವಿಕಿ ಕಟ್ಟುವವರು ಇದನ್ನು ಮರೆಯಬೇಡಿ, ದಯವಿಟ್ಟು.

ಕಾಲೇಜು ಹುಡುಗರು ಸೇರಿಕೊಂಡ ಮೇಲೆ ಅನಿಮೇಷನ್ ಪುಟಗಳು ಬಂದವು. ಅಕ್ಷರಗಳು ಒಂದೊಂದಾಗಿ ಮೂಡುವ ಹಾಗೆ ಮಾಡಲು ಒಬ್ಬ ಹುಡುಗ ಪಠ್ಯವನ್ನು ತುಂಡು ಮಾಡಿದ್ದ. ಇಂಗ್ಲಿಷ್‌ಗೆ ಬರೆದ ಕೋಡನ್ನು ಹಾಗೇ ತಂದಿದ್ದ. ಪರದೆಯ ಮೇಲೆ ಶ್ರೀ ಬರಬೇಕಾದ ಕಡೆ ಶ, ಒಂದು ಒಂಟಿ ಹಲಂತ, ರ, ಆಮೇಲೆ ಚುಕ್ಕಿ ವೃತ್ತಕ್ಕೆ ಅಂಟಿದ ದೀರ್ಘ. ನಮ್ಮ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರ್‌ಗೆ ನಾಲ್ಕು. ಸೂರ್ಯ ಅಂತೂ ಇನ್ನೂ ಕಷ್ಟ, ರ ಮೊದಲು ಟೈಪ್ ಆಗಿ ಯ ಆದ ಮೇಲೆ ಕಾಣಿಸುತ್ತದೆ. ನಾವು ಕೂತು ಒಂದು ನಿಯಮ ಬರೆದೆವು. ಹಲಂತ ಆದ ಮೇಲೆ ವ್ಯಂಜನ ಬಂದರೆ ಅದನ್ನು ಹಿಂದಿನ ತುಂಡಿಗೇ ಸೇರಿಸು. ಕಾಗುಣಿತದ ಗುರುತು, ಅನುಸ್ವಾರ, ವಿಸರ್ಗ ಬಂದರೂ ಸೇರಿಸು. ನಡುವೆ ಆ ಕಾಣದ ಗುರುತು ಇದ್ದರೆ ಮಾತ್ರ ಅಲ್ಲಿ ಕತ್ತರಿಸು. ಇಪ್ಪತ್ತು ಸಾಲಿನ ಕೋಡು. ಆ ಹುಡುಗ ಆ ಸಂಜೆ ಕುವೆಂಪುನಗರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಊರುಗಳ ಹೆಸರೆಲ್ಲ ಹಾಕಿ ಪರೀಕ್ಷೆ ಮಾಡಿದ. ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ, ಟಿ. ನರಸೀಪುರ. ಒಂದೂ ಒಡೆಯಲಿಲ್ಲ.

ಬಾಟ್‌ಗಳ, ಅಂದರೆ ತಾವಾಗಿ ಪುಟ ಬರೆಯುವ ತಂತ್ರಾಂಶಗಳ, ಕಾಟ ಎರಡನೇ ತಿಂಗಳಲ್ಲೇ ಶುರುವಾಗಿತ್ತು. ಬೆಳಗ್ಗೆ ಎದ್ದರೆ ಔಷಧಿ, ಜೂಜು, ಸಾಲದ ಜಾಹೀರಾತಿನ ಪುಟಗಳು. ಚಿತ್ರ ನೋಡಿ ಟಿಕ್ ಹಾಕಿಸುವ ಪರೀಕ್ಷೆ ನಮ್ಮವರಿಗೇ ಕಿರಿಕಿರಿ. ಕ್ವೆಸ್ಟಿಕ್ಯಾಪ್ಚಾ ಅನ್ನುವುದರಲ್ಲಿ ನಮ್ಮದೇ ಪ್ರಶ್ನೆ ಇಡಬಹುದು. ಮೈಸೂರಿನ ಬೆಟ್ಟದ ಮೇಲಿರುವ ದೇವಿ ಯಾರು, ಕನ್ನಂಬಾಡಿ ಕಟ್ಟೆ ಯಾವ ನದಿಗೆ ಕಟ್ಟಿದ್ದು, ಬೆಲ್ಲ ಯಾವುದರಿಂದ ಮಾಡುತ್ತಾರೆ, ಹೀಗೆ ಕನ್ನಡದಲ್ಲಿ ಕೇಳಿದೆವು. ಬಾಟ್‌ಗಳು ನಿಂತವು. ಆದರೆ ದೇವಿಯ ಹೆಸರನ್ನು ಜನ ಹತ್ತು ಥರ ಬರೆಯುತ್ತಾರೆ, ಚಾಮುಂಡಿ, ಚಾಮುಂಡೇಶ್ವರಿ, ಚಾಮುಂಡಿ ತಾಯಿ. ಒಂದು ಪ್ರಶ್ನೆಗೆ ಹಲವು ಉತ್ತರ ಕೊಡಲು ಅವಕಾಶ ಇದೆ, ಎಲ್ಲವನ್ನೂ ಸೇರಿಸಿದೆವು.

ಒಂದು ನಷ್ಟವನ್ನೂ ಹೇಳಲೇಬೇಕು. 2021ರಲ್ಲಿ ನಾವು ಜಾಗ ಬಾಡಿಗೆಗೆ ಪಡೆದಿದ್ದ ಕಡೆ ಡಿಸ್ಕ್ ಹೋಯಿತು. ಅವರ ಬ್ಯಾಕಪ್ ಇದೆ ಅಂತ ನಂಬಿದ್ದೆವು, ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಹನ್ನೊಂದು ದಿನ ಹಳೆಯದು. ಆ ಹನ್ನೊಂದು ದಿನದಲ್ಲಿ ಮದ್ದೂರಿನ ಅಕ್ಕ ಮೂರು ಪುಟ ಬರೆದಿದ್ದರು, ಅಂಗಡಿ ಮುಚ್ಚಿದ ಮೇಲೆ, ಮಕ್ಕಳು ಮಲಗಿದ ಮೇಲೆ. ಅವರಿಗೆ ಫೋನ್ ಮಾಡಿ ಹೇಳುವುದು ನನಗೆ ತುಂಬಾ ಕಷ್ಟವಾಯಿತು. "ಹಾಳೆ ಮೇಲೆ ಬರೆದುಕೊಂಡಿದ್ದೆ, ಮತ್ತೆ ಹಾಕ್ತೀನಿ ಬಿಡಿ" ಅಂದರು. ಹಾಕಿದರು. ಅವತ್ತಿನಿಂದ ಡೇಟಾಬೇಸ್, ಚಿತ್ರಗಳ ಫೋಲ್ಡರ್, ಸೆಟ್ಟಿಂಗ್ಸ್ ಫೈಲು ಮೂರೂ ದಿನಾ ರಾತ್ರಿ ಎರಡು ಬೇರೆ ಬೇರೆ ಕಡೆ ಹೋಗುತ್ತವೆ. ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನಿಜವಾಗಿ ಏಳುತ್ತದೆಯೇ ಅಂತ ನೋಡುತ್ತೇನೆ. ಚಿತ್ರಗಳ ಫೋಲ್ಡರ್ ಮರೆಯುವವರು ಜಾಸ್ತಿ. ಡೇಟಾಬೇಸ್‌ನಲ್ಲಿ ಚಿತ್ರ ಇರುವುದಿಲ್ಲ, ಅದರ ಹೆಸರು ಮಾತ್ರ ಇರುತ್ತದೆ.

ಈಗ ನಾನು ಬರೆಯುವುದು ಕಡಿಮೆ. ಬೆಳಗ್ಗೆ ಕಾಫಿ ಹೊತ್ತಿಗೆ ಇತ್ತೀಚೆಗಿನ ಬದಲಾವಣೆಗಳ ಪುಟ ನೋಡುತ್ತೇನೆ. ಹೊಸಬರ ತಿದ್ದುಪಡಿ ತಪ್ಪಿದ್ದರೂ ತಕ್ಷಣ ಅಳಿಸುವುದಿಲ್ಲ. ಮೊದಲು ಅವರ ಚರ್ಚೆ ಪುಟದಲ್ಲಿ ಒಂದು ಸಾಲು ಬರೆಯುತ್ತೇನೆ, ಅವರೇ ಸರಿ ಮಾಡಲು ಒಂದು ದಿನ ಬಿಡುತ್ತೇನೆ. ಮೊದಲ ತಿದ್ದುಪಡಿಯೇ ಅಳಿಸಿಹೋದವರು ಮತ್ತೆ ಬರುವುದಿಲ್ಲ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ವ್ಯೂಬಾಕ್ಸ್ ಪುಟವನ್ನು ಗುರುತೇ ಇಲ್ಲದ ಯಾರೋ ಒಬ್ಬರು ಒಂದು ಮಧ್ಯರಾತ್ರಿ ತಿದ್ದಿದ್ದರು. ವ್ಯೂಬಾಕ್ಸ್ ಅಂದರೆ ಕಿಟಕಿ, ಮೊದಲ ಎರಡು ಅಂಕಿ ಕಿಟಕಿ ಎಲ್ಲಿದೆ, ಮುಂದಿನ ಎರಡು ಕಿಟಕಿ ಎಷ್ಟು ದೊಡ್ಡದು ಅಂತ ಬರೆದಿದ್ದೆ. ಅವರು ಒಂದು ಸಾಲು ಸೇರಿಸಿದ್ದರು: "ಕಿಟಕಿ ಬಲಕ್ಕೆ ಸರಿದರೆ ಚಿತ್ರ ಎಡಕ್ಕೆ ಹೋದ ಹಾಗೆ ಕಾಣುತ್ತೆ, ರೈಲಿನಲ್ಲಿ ಕೂತ ಹಾಗೆ." ಎಷ್ಟು ಸರಿಯಾದ ಮಾತು!

ಸದ್ಯ ಕೈಯಲ್ಲಿರುವ ಕೆಲಸ ಟೆಕ್ಸ್ಟ್‌ಪಾತ್. ಕಮಾನಿನ ಬಾಗಿನ ಮೇಲೆ ಹೆಸರು ಕೂರಿಸುವುದು ಲಗ್ನಪತ್ರಿಕೆಯಲ್ಲಿ ಎಲ್ಲರೂ ಕೇಳುವ ವಿನ್ಯಾಸ. ಅಕ್ಷರ ಮೇಲ್ಗಡೆ ಬಿಡಿಸಿಕೊಂಡರೂ ಕೆಳಗಿನ ಒತ್ತುಗಳು ಬಾಗಿನ ಒಳಮಗ್ಗುಲಲ್ಲಿ ಒಂದಕ್ಕೊಂದು ತಾಗುತ್ತವೆ. ಲೆಟ್ಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಜಾಗ) ಎಷ್ಟು ಕೊಟ್ಟರೆ ಬಿಡಿಸಿಕೊಳ್ಳುತ್ತವೆ ಅಂತ ನೋಡುತ್ತಿದ್ದೇವೆ. ಪರೀಕ್ಷೆಗೆ 'ಲಕ್ಷ್ಮೀ' ಅನ್ನುವ ಹೆಸರನ್ನೇ ಆರಿಸಿಕೊಂಡಿದ್ದೇವೆ, ಷ ಒತ್ತು, ಮ ಒತ್ತು, ದೀರ್ಘ ಮೂರೂ ಇದೆ. ಮದ್ದೂರಿನ ಅಕ್ಕ ಅಂಗಡಿಗೆ ಬಂದ ಗಿರಾಕಿಗಳ ಫೋನಿನಲ್ಲಿ ಅದನ್ನು ತೆರೆದು ಆರು ಫೋಟೋ ಕಳಿಸಿದ್ದಾರೆ. ಎರಡರಲ್ಲಿ ಮ ಒತ್ತು ಇನ್ನೂ ತಾಗುತ್ತಿದೆ. ಭಾನುವಾರ ಮೇಷ್ಟ್ರ ಮನೆಯಲ್ಲಿ ಕೂತು ಬಾಗನ್ನು ಸ್ವಲ್ಪ ಸಡಿಲ ಮಾಡಿ ನೋಡಬೇಕು.